ಮೂಢನಂಬಿಕೆಯಲ್ಲಿ ಮೂಢವಾದದ್ದು ಯಾವುದು

ಕಳೆದ ಮಳೆಗಾಲದಲ್ಲಿ ಪುಣೆಯ ನಮ್ಮ ಬಡಾವಣೆಯ ಮರಾಠಿ ಗೆಳೆಯರೊಬ್ಬರು ನಾಲ್ಕು ಪುಟಗಳ ಕರಪತ್ರವೊಂದನ್ನು ತಂದುಕೊಟ್ಟು, ಅದನ್ನು ಕನ್ನಡಕ್ಕೆ ಮಾಡಿಕೊಡಬೇಕೆಂದು ಕೇಳಿದರು. ಹಿಂಜವಡಿ, ವಾಕಡ್ ಕಡೆಯ ಕಟ್ಟಡಗಳ ಕೆಲಸಕ್ಕೆ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಬಂದು ತಗಡಿನ ಶೆಡ್ಡುಗಳಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಿಗೆ ಅದನ್ನು ಹಂಚುವುದು ಅವರ ಉದ್ದೇಶವಾಗಿತ್ತು. ಕರಪತ್ರದ ವಿಷಯ ತಲೆಯಲ್ಲಿ ಬರುವ ಜಡೆ. ನಾವು ಮೂರೆಳೆಯಾಗಿ ಹೆಣೆದುಕೊಳ್ಳುವ ಜಡೆಯಲ್ಲ, ಕೂದಲು ತಾನಾಗಿ ಒಂದಕ್ಕೊಂದು ಅಂಟಿ, ಗಂಟಾಗಿ, ಹಗ್ಗದಂತೆ ಬಿಗಿದುಕೊಳ್ಳುವ ಜಡೆ. ಮರಾಠಿಯಲ್ಲಿ ಅದು ‘ಜಟ’, ನಮ್ಮ ಉತ್ತರ ಕರ್ನಾಟಕದ ಬಾಯಲ್ಲಿ ‘ಜಡಿ’. ಅದು ಸವದತ್ತಿಯ ಎಲ್ಲಮ್ಮನ ಕರೆಯೆಂದೂ ಅದಕ್ಕೆ ಕತ್ತರಿ ತಾಗಿಸಿದರೆ ಮನೆಗೆ ಕೇಡೆಂದೂ ನಂಬುವವರು ಕೃಷ್ಣೆಯ ಎರಡೂ ದಂಡೆಗಳಲ್ಲಿ ಇದ್ದಾರೆ. ಹಿಂದೆ ಇಂಥ ಜಡೆ ಬಂದ ಎಷ್ಟೋ ಹೆಣ್ಣುಮಕ್ಕಳನ್ನು ದೇವಿಗೆ ಬಿಟ್ಟದ್ದುಂಟು. ಕರ್ನಾಟಕವು 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ಕಾನೂನಿನಿಂದ ನಿಷೇಧಿಸಿದ ಮೇಲೂ ಜಡೆಯ ಭಯ ಪೂರ್ತಿಯಾಗಿ ಹೋಗಿಲ್ಲ.

ಅನುವಾದ ನನಗೆ ಹೊಸದಲ್ಲ. ಮೂಲದಲ್ಲಿ ‘ಅಂಧಶ್ರದ್ಧಾ’ ಎಂದಿದ್ದ ಕಡೆಯಲ್ಲೆಲ್ಲ ‘ಮೂಢನಂಬಿಕೆ’ ಎಂದು ಬರೆದು, ಎರಡು ಸಂಜೆಗಳಲ್ಲಿ ಕೆಲಸ ಮುಗಿಸಿ, ಅಚ್ಚಿಗೆ ಕೊಡುವ ಮೊದಲು ಓದಿಸಿ ನೋಡೋಣವೆಂದು ಗೆಳೆಯರ ಜೊತೆ ಆ ಶೆಡ್ಡುಗಳಿಗೆ ಹೋದೆ. ಅಲ್ಲಿ ಯಾದಗಿರಿ ಕಡೆಯ ಒಬ್ಬ ಹೆಂಗಸು, ಸೆರಗಿನಡಿ ಜಡೆಯ ಭಾರವನ್ನು ಹೊತ್ತುಕೊಂಡೇ, ನಾನು ಓದುವುದನ್ನು ಕೊನೆಯವರೆಗೆ ಕೇಳಿದಳು. ‘ಜಡೆ ದೇವಿಯ ಕರೆ ಎಂಬುದು ಮೂಢನಂಬಿಕೆ’ ಎಂಬ ಸಾಲು ಬಂದಾಗ ಆಕೆ ಸಿಟ್ಟಾಗಲಿಲ್ಲ, ಎದ್ದೂ ಹೋಗಲಿಲ್ಲ. ನನ್ನ ಮುಖವನ್ನೇ ನೋಡುತ್ತ, “ನಾವೇನ್ ಮೂಢರೇನ್ರಿ ಹಂಗಾರ?” ಎಂದು ಕೇಳಿದಳು. ಅದಕ್ಕೆ ನನ್ನ ಬಳಿ ಆ ಹೊತ್ತಿಗೆ ಉತ್ತರವಿರಲಿಲ್ಲ. ನಲವತ್ತು ವರ್ಷಗಳಿಂದ ಬಳಸುತ್ತಿರುವ ಮಾತೊಂದನ್ನು ಒಮ್ಮೆಯೂ ಬಿಡಿಸಿ ನೋಡಿರಲಿಲ್ಲವೆಂಬುದು ಅಂದು ತಿಳಿಯಿತು. ಆಮೇಲಿನ ಕೆಲವು ವಾರಗಳಲ್ಲಿ ಬಿಡಿಸಿ ನೋಡಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಆಕೆಯ ಪ್ರಶ್ನೆ ಮೊದಲಿಗೆ ವ್ಯಾಕರಣದ ಪ್ರಶ್ನೆ. ಸಮಾಸವನ್ನು ಎರಡು ಬಗೆಯಲ್ಲಿ ಬಿಡಿಸಬಹುದು. ‘ಮೂಢವಾದ ನಂಬಿಕೆ’ ಎಂದು ಬಿಡಿಸಿದರೆ ಕರ್ಮಧಾರಯವಾಗುತ್ತದೆ, ಮೂಢತನ ನಂಬಿಕೆಯ ವಿಶೇಷಣವಾಗಿ ನಿಲ್ಲುತ್ತದೆ. ‘ಮೂಢರ ನಂಬಿಕೆ’ ಎಂದು ಬಿಡಿಸಿದರೆ ತತ್ಪುರುಷವಾಗುತ್ತದೆ, ಮೂಢತನ ನಂಬುವವರ ತಲೆಗೆ ಬಂದು ಕೂರುತ್ತದೆ. ನಿಘಂಟು ನೋಡಿ ಬರೆಯುವವರು ಮೊದಲನೆಯದನ್ನೇ ಉದ್ದೇಶಿಸುತ್ತಾರೆ, ಕೇಳುವವರ ಕಿವಿಗೆ ಎರಡನೆಯದೇ ಬೀಳುತ್ತದೆ. ವೇದಿಕೆಯ ಮೇಲಿಂದ ‘ಮೂಢನಂಬಿಕೆ’ ಎನ್ನುವವರ ದನಿಯಲ್ಲಿಯೂ ಬಹಳ ಸಲ ತತ್ಪುರುಷವೇ ಕೇಳುತ್ತದೆಂದು ಒಪ್ಪಿಕೊಳ್ಳಬೇಕು. ಆ ಹೆಂಗಸು ತಪ್ಪಾಗಿ ಕೇಳಿಸಿಕೊಳ್ಳಲಿಲ್ಲ. ಮಾತಿನಲ್ಲಿ ಅಡಗಿದ್ದ ಒಂದು ಅರ್ಥವನ್ನು ಹೊರಗೆ ತೆಗೆದು ನನ್ನ ಮುಂದೆ ಇಟ್ಟಳು.

ಈ ಪದದ ಎರಡು ಭಾಗಗಳು ಎರಡು ಕುಲದವು. ‘ಮೂಢ’ ಸಂಸ್ಕೃತದ್ದು, ‘ನಂಬಿಕೆ’ ಅಚ್ಚಕನ್ನಡದ ‘ನಂಬು’ ಧಾತುವಿನಿಂದ ಬಂದದ್ದು. ತಮಿಳಿನ ‘ನಂಬಿಕ್ಕೈ’, ತೆಲುಗಿನ ‘ನಮ್ಮಕಂ’ ಅದರ ಒಡಹುಟ್ಟುಗಳು, ಮತ್ತು ಆ ಎರಡು ಭಾಷೆಗಳೂ ನಮ್ಮ ಹಾಗೆಯೇ ‘ಮೂಢ’ವನ್ನು ಮುಂದಿಟ್ಟು ಈ ಪದವನ್ನು ಕಟ್ಟಿಕೊಂಡಿವೆ. ಹಿಂದಿ, ಮಲಯಾಳಂ ಭಾಷೆಗಳು ‘ಅಂಧವಿಶ್ವಾಸ’ದ ಕಡೆಗೂ ಮರಾಠಿ ‘ಅಂಧಶ್ರದ್ಧೆ’ಯ ಕಡೆಗೂ ಹೋದವು. ಹಳೆಯ ಲಕ್ಷಣಕಾರರು ಹೀಗೆ ಸಕ್ಕದವನ್ನೂ ಕನ್ನಡವನ್ನೂ ಒಂದೇ ಸಮಾಸದಲ್ಲಿ ಬೆಸೆಯುವುದನ್ನು ಅರಿಸಮಾಸವೆಂದು ಆಕ್ಷೇಪಿಸುತ್ತಿದ್ದರು. ಮುಳುಗುಂದದ ಜೈನ ಕವಿ ನಯಸೇನ ಇದನ್ನು ತುಪ್ಪಕ್ಕೆ ಎಣ್ಣೆ ಬೆರೆಸುವುದಕ್ಕೆ ಹೋಲಿಸಿದ. ಆದರೆ ಆಡುವ ಜನ ಲಕ್ಷಣಕಾರರ ಅಪ್ಪಣೆಗೆ ಕಾಯಲಿಲ್ಲ. ನಯಸೇನನ ಹೆಸರು ಈ ವಿಷಯದಲ್ಲಿ ಇನ್ನೊಂದು ಕಾರಣಕ್ಕೂ ಬರುತ್ತದೆ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ‘ಮೂಢ’ದ ಬೇರನ್ನು ನೋಡಬೇಕು. ಅದು ‘ಮುಹ್’ ಎಂಬ ಧಾತುವಿನಿಂದ ಹುಟ್ಟಿದ್ದು. ಮಂಕಾಗುವುದು, ದಾರಿ ತಪ್ಪುವುದು, ಏನೂ ತೋಚದಂತಾಗುವುದು ಅದರ ಅರ್ಥ. ‘ಮೋಹ’ವೂ ‘ಮುಗ್ಧ’ವೂ ಅದೇ ಬೇರಿನಿಂದ ಬಂದವು. ಮುಗ್ಧನೆಂದರೆ ಮೆಚ್ಚುಗೆ, ಮೂಢನೆಂದರೆ ಬೈಗುಳ ಎಂದು ನಾವು ಒಂದೇ ತಾಯಿಯ ಎರಡು ಮಕ್ಕಳನ್ನು ಬೇರೆ ಬೇರೆ ಮನೆಗಳಲ್ಲಿ ಬೆಳೆಸಿದ್ದೇವೆ. ಕನ್ನಡದಲ್ಲಿ ‘ಮೂಢ’ದ ಹಳೆಯ ಅರ್ಥ ಇನ್ನೂ ಜೀವಂತವಾಗಿರುವುದು ಬೇರೆ ಎರಡು ಪದಗಳಲ್ಲಿ. ದಿಕ್ಕು ತೋಚದೆ ನಿಂತವನನ್ನು ದಿಙ್ಮೂಢನೆನ್ನುತ್ತೇವೆ. ಏನು ಮಾಡಬೇಕೆಂದು ತಿಳಿಯದೆ ಕಂಗಾಲಾದವನನ್ನು ಕಿಂಕರ್ತವ್ಯಮೂಢನೆನ್ನುತ್ತೇವೆ. ಇವರಲ್ಲಿ ಯಾರನ್ನೂ ನಾವು ದಡ್ಡರೆಂದು ಭಾವಿಸುವುದಿಲ್ಲ. ಆಸ್ಪತ್ರೆಯ ಪಡಸಾಲೆಯಲ್ಲಿ ಕೆಟ್ಟ ಸುದ್ದಿ ಕೇಳಿ ದಿಙ್ಮೂಢನಾಗಿ ನಿಂತವನು ಎಂಥ ಬುದ್ಧಿವಂತನೂ ಆಗಿರಬಹುದು. ಅವನಿಗೆ ಆ ಗಳಿಗೆಯಲ್ಲಿ ದಿಕ್ಕು ತಪ್ಪಿದೆ, ಅಷ್ಟೆ. ಯೋಗಶಾಸ್ತ್ರದಲ್ಲಿ ಕ್ಷಿಪ್ತ, ಮೂಢ, ವಿಕ್ಷಿಪ್ತ, ಏಕಾಗ್ರ, ನಿರುದ್ಧ ಎಂದು ಚಿತ್ತದ ಐದು ಅವಸ್ಥೆಗಳನ್ನು ಹೇಳುವಾಗಲೂ ಮೂಢವೆಂಬುದು ಒಂದು ಸ್ಥಿತಿಯ ಹೆಸರು. ಮಂಜು ಕವಿದಾಗ ಊರು ಮಸುಕಾಗುವ ಹಾಗೆ ಮನಸ್ಸು ಮಸುಕಾಗಿರುವ ಸ್ಥಿತಿ.

ಪಂಚಾಂಗ ನೋಡುವವರಿಗೆ ಇದರ ಇನ್ನೊಂದು ಬಳಕೆ ಗೊತ್ತಿರುತ್ತದೆ. ಗುರು ಅಥವಾ ಶುಕ್ರ ಗ್ರಹ ಸೂರ್ಯನಿಗೆ ತೀರ ಹತ್ತಿರ ಬಂದು, ಅವನ ಬೆಳಕಿನಲ್ಲಿ ಮುಳುಗಿ, ಬರಿಗಣ್ಣಿಗೆ ಕಾಣದಂತಾಗುವ ಕಾಲವನ್ನು ಕನ್ನಡದ ಪಂಚಾಂಗಗಳು ಗುರು ಮೌಢ್ಯ, ಶುಕ್ರ ಮೌಢ್ಯ ಎನ್ನುತ್ತವೆ. ಇಲ್ಲಿಯ ಮರಾಠಿ ಪಂಚಾಂಗಗಳಲ್ಲಿ ಅದಕ್ಕೆ ‘ಅಸ್ತ’ ಎಂದೇ ಹೆಸರು. ಸೂರ್ಯಸಿದ್ಧಾಂತದ ಲೆಕ್ಕದಲ್ಲಿ ಗುರು ಸೂರ್ಯನಿಂದ 11 ಅಂಶಗಳೊಳಗೆ (ಡಿಗ್ರಿಗಳೊಳಗೆ) ಬಂದರೆ ಮರೆಯಾಗುತ್ತಾನೆ. ಆಗ ಮದುವೆ, ಉಪನಯನಗಳನ್ನು ಮಾಡುವುದಿಲ್ಲ. ಇದನ್ನು ಒಂದು ಭಾಷಾಸಾಕ್ಷ್ಯವೆಂದು ಮಾತ್ರ ಎತ್ತಿಕೊಳ್ಳುತ್ತಿದ್ದೇನೆ. ಗ್ರಹ ಎಲ್ಲಿಗೂ ಹೋಗಿರುವುದಿಲ್ಲ, ಅದರ ತೇಜಸ್ಸೂ ಕುಂದಿರುವುದಿಲ್ಲ. ನಾವು ನಿಂತ ಜಾಗದಿಂದ ಕಾಣುವುದಿಲ್ಲ, ಅದಕ್ಕೇ ಅದು ಮೂಢ. ಹಾಗೆ ಬಳಸಿದ ಪೂರ್ವಿಕರ ಕಿವಿಗೆ ಈ ಶಬ್ದದಲ್ಲಿ ಅವಹೇಳನ ಕೇಳಿಸುತ್ತಿರಲಿಲ್ಲ. ಮರೆಯಾದದ್ದು, ಕಾಣದಾದದ್ದು ಎಂಬ ಅರ್ಥವಷ್ಟೇ ಕೇಳಿಸುತ್ತಿತ್ತು.

ಹಾಗಾದರೆ ತಪ್ಪು ನಂಬಿಕೆಗೆ ಈ ಶಬ್ದವನ್ನು ಹಚ್ಚಿದವರು ಯಾರು? ಕನ್ನಡದ ನೆಲದಲ್ಲಿ ಇದರ ಬೇರು ಜೈನ ಶಾಸ್ತ್ರಗಳಲ್ಲಿ ಬಹಳ ಆಳಕ್ಕೆ ಇಳಿದಿದೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕೆನಿಸುತ್ತದೆ, ಏಕೆಂದರೆ ಮೂಢನಂಬಿಕೆಯ ಮಾತು ಬಂದಾಗಲೆಲ್ಲ ಅದು ಇಂಗ್ಲಿಷ್ ಶಿಕ್ಷಣದ ಜೊತೆಗೆ ಹಡಗಿನಲ್ಲಿ ಬಂದಿಳಿದ ವಿಚಾರವೆಂದು ಭಾವಿಸುವವರು, ಅದನ್ನು ಮೆಚ್ಚುವವರಲ್ಲೂ ಇದ್ದಾರೆ, ದೂರುವವರಲ್ಲೂ ಇದ್ದಾರೆ. ಜೈನ ಗೃಹಸ್ಥರ ನಡತೆಯನ್ನು ಹೇಳುವ ಸಮಂತಭದ್ರಾಚಾರ್ಯರ ಶ್ರಾವಕಾಚಾರದಲ್ಲಿ ಮೂರು ಮೂಢತೆಗಳ ಲಕ್ಷಣವಿದೆ. ನದಿ ಸಮುದ್ರಗಳಲ್ಲಿ ಮಿಂದರೆ ಪುಣ್ಯವೆಂದು ಮೀಯುವುದು, ಮರಳನ್ನೂ ಕಲ್ಲುಗಳನ್ನೂ ರಾಶಿ ಹಾಕುವುದು, ಬೆಟ್ಟದಿಂದ ಬೀಳುವುದು, ಬೆಂಕಿಗೆ ಬೀಳುವುದು ಲೋಕಮೂಢ. ವರದ ಆಸೆಯಿಂದ, ರಾಗದ್ವೇಷಗಳಿಂದ ತಾವೇ ಮಲಿನರಾದ ದೇವತೆಗಳನ್ನು ಪೂಜಿಸುವುದು ದೇವಮೂಢ. ಗಳಿಕೆ, ಹಿಂಸೆಗಳಲ್ಲಿ ಮುಳುಗಿ ಸಂಸಾರದ ಸುಳಿಯಲ್ಲೇ ಸಿಕ್ಕಿಕೊಂಡಿರುವ ವೇಷಧಾರಿಗಳನ್ನು ಗುರುಗಳೆಂದು ಗೌರವಿಸುವುದು ಪಾಷಂಡಿಮೂಢ.

ಈ ಮೂರು ವಿಭಾಗಗಳನ್ನು ಇಂದಿನ ಪತ್ರಿಕೆಯ ಪಕ್ಕದಲ್ಲಿಟ್ಟು ಓದಿದರೆ ಅಚ್ಚರಿಯಾಗುತ್ತದೆ. ನೆರೆಹೊರೆ ಮಾಡುತ್ತದೆಂದು ಮಾಡುವುದು ಒಂದು, ಫಲದ ಆಸೆಯಿಂದ ಮಾಡುವುದು ಇನ್ನೊಂದು, ವೇಷಕ್ಕೆ ಮರುಳಾಗಿ ಮಾಡುವುದು ಮತ್ತೊಂದು. ಮೂಢನಂಬಿಕೆಯ ಮೂರು ಬಾಗಿಲುಗಳನ್ನು ಅವರು ಗುರುತಿಸಿದ್ದರು. ನನ್ನ ಕರಪತ್ರದ ಜಡೆ ಮೊದಲ ಎರಡರ ಮೂಲಕ ಒಳಗೆ ಬರುತ್ತದೆ. ಜಡೆ ಬಂದ ಹೆಂಗಸಿಗೆ ಅದರ ಅರ್ಥವನ್ನು ಹೇಳಿಕೊಡುವವರು ಸುತ್ತಲಿನ ಜನ, ಅದನ್ನು ಉಳಿಸಿಕೊಳ್ಳುವಂತೆ ಮಾಡುವುದು ಕೇಡಿನ ಭಯ ಮತ್ತು ಒಳಿತಿನ ಆಸೆ. ಸಮಂತಭದ್ರರು ಖಂಡಿಸಿದ್ದು ಬಹುಪಾಲು ಅನ್ಯಮತದವರ ಆಚರಣೆಗಳನ್ನೆಂಬುದೂ ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಇನ್ನೊಬ್ಬರ ನಂಬಿಕೆಗೆ ಮೂಢವೆಂಬ ಹೆಸರಿಡುವ ರೂಢಿಯೂ ಅಷ್ಟೇ ಹಳೆಯದು.

ಆದರೆ ಆ ಪರಂಪರೆ ಅಲ್ಲಿಗೇ ನಿಲ್ಲಲಿಲ್ಲ. ಸಮ್ಯಗ್ದರ್ಶನದ, ಎಂದರೆ ಜೈನರು ಹೇಳುವ ಸರಿಯಾದ ಶ್ರದ್ಧೆಯ, ಎಂಟು ಅಂಗಗಳಲ್ಲಿ ಒಂದಕ್ಕೆ ‘ಅಮೂಢದೃಷ್ಟಿ’ ಎಂದು ಹೆಸರು. ಮಂಕಾಗದ ನೋಟ, ಮರುಳಾಗದ ನೋಟ. ನಯಸೇನ 1112ರಲ್ಲಿ ಮುಗಿಸಿದ ‘ಧರ್ಮಾಮೃತ’ದ ಹದಿನಾಲ್ಕು ಆಶ್ವಾಸಗಳು ಸಮ್ಯಗ್ದರ್ಶನಕ್ಕೆ, ಅದರ ಎಂಟು ಅಂಗಗಳಿಗೆ ಮತ್ತು ಗೃಹಸ್ಥರ ಐದು ಅಣುವ್ರತಗಳಿಗೆ ಒಂದೊಂದು ಕಥೆಯಂತೆ ಹಂಚಿಕೊಂಡಿವೆ. ಹಾಗಾಗಿ ಒಂಬೈನೂರು ವರ್ಷಗಳ ಹಿಂದೆಯೇ, ಗದಗಿನ ಪಕ್ಕದ ಒಂದು ಊರಿನ ಕವಿ, ಮೂಢವಲ್ಲದ ದೃಷ್ಟಿ ಹೇಗಿರುತ್ತದೆಂದು ಜನರಿಗೆ ತಿಳಿಯುವ ಕನ್ನಡದಲ್ಲಿ ಕಥೆ ಕಟ್ಟಿ ಹೇಳುವ ಕೆಲಸಕ್ಕೆ ಕೈಹಾಕಿದ್ದ. ಜೈನ ಕಥಾಪರಂಪರೆಯಲ್ಲಿ ಅಮೂಢದೃಷ್ಟಿಗೆ ನಿದರ್ಶನವೆಂದು ಮಥುರೆಯ ರಾಣಿ ರೇವತಿಯನ್ನು ಹೇಳುತ್ತಾರೆ. ವಿದ್ಯಾಬಲವುಳ್ಳ ಒಬ್ಬ ಕ್ಷುಲ್ಲಕ, ಎಂದರೆ ಕಿರಿಯ ದರ್ಜೆಯ ಜೈನ ವಿರಕ್ತ, ಆಕೆಯನ್ನು ಪರೀಕ್ಷಿಸಲು ಬ್ರಹ್ಮನಾಗಿ, ವಿಷ್ಣುವಾಗಿ, ಶಿವನಾಗಿ ಊರಿನ ಹೊರಗೆ ಕಾಣಿಸಿಕೊಳ್ಳುತ್ತಾನೆ. ಊರೆಲ್ಲ ಓಡಿಹೋಗುತ್ತದೆ, ಆಕೆ ಹೋಗುವುದಿಲ್ಲ. ಕೊನೆಗೆ ಅವನು ತೀರ್ಥಂಕರನ ರೂಪದಲ್ಲೇ ಸಮವಸರಣವೆಂಬ ಧರ್ಮೋಪದೇಶದ ಸಭೆಯನ್ನು ಹೂಡಿ ಕೂರುತ್ತಾನೆ. ಆಗಲೂ ಆಕೆ ಹೋಗುವುದಿಲ್ಲ. ತೀರ್ಥಂಕರರು ಇಪ್ಪತ್ತನಾಲ್ಕೇ, ಅವರೆಲ್ಲ ಆಗಿಹೋಗಿದ್ದಾರೆ, ಇಪ್ಪತ್ತೈದನೆಯವನು ಎಲ್ಲಿಂದ ಬಂದಾನು ಎಂಬುದು ಆಕೆಯ ಲೆಕ್ಕ.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ಕೊನೆಯ ಭಾಗ. ಅನ್ಯರ ದೇವರನ್ನು ಒಪ್ಪದಿರುವುದು ಸುಲಭ. ತನ್ನದೇ ದೇವರ ವೇಷ ಎದುರಿಗೆ ಬಂದಾಗಲೂ ಎಣಿಸಿ ನೋಡುವುದು ಕಷ್ಟ. ರೇವತಿ ಶ್ರದ್ಧೆಯಿಲ್ಲದವಳಲ್ಲ, ಆಕೆಯ ಶ್ರದ್ಧೆಗೆ ಲೆಕ್ಕ ಗೊತ್ತಿತ್ತು.

ಶ್ರದ್ಧೆಯ ಮಾತು ಬಂದದ್ದರಿಂದ ಮರಾಠಿಯ ಪದಕ್ಕೆ ಬರುತ್ತೇನೆ. ಪುಣೆಯ ಕನ್ನಡಿಗರಾದ ನಮ್ಮ ಬಾಯಲ್ಲಿ ‘ಅಂಧಶ್ರದ್ಧೆ’ ಸಲೀಸಾಗಿ ಬರುತ್ತದೆ, ಬೆಳಗಾವಿ, ಧಾರವಾಡದ ಕಡೆಯ ಬರವಣಿಗೆಯಲ್ಲಿಯೂ ಅದು ಕಾಣುತ್ತದೆ. ಆದರೆ ಎರಡು ಭಾಷೆಗಳಲ್ಲಿ ‘ಶ್ರದ್ಧೆ’ ಒಂದೇ ಅಲ್ಲ. ಮರಾಠಿಯಲ್ಲಿ ಶ್ರದ್ಧೆಯೆಂದರೆ ದೇವರಲ್ಲಿ, ಗುರುವಿನಲ್ಲಿ, ತತ್ವದಲ್ಲಿ ಇಡುವ ನಂಬಿಕೆ. ಕನ್ನಡದ ದಿನಬಳಕೆಯಲ್ಲಿ ಶ್ರದ್ಧೆಯೆಂದರೆ ಮನಸ್ಸಿಟ್ಟು ಮಾಡುವ ಗುಣ. ‘ಶ್ರದ್ಧೆಯಿಂದ ಓದು’ ಎಂದು ತಾಯಿ ಮಗನಿಗೆ ಹೇಳುವಾಗ ದೇವರ ಪ್ರಸ್ತಾಪವೇ ಅಲ್ಲಿರುವುದಿಲ್ಲ. ಮರಾಠಿ ಶಾಲೆಯಲ್ಲಿ ಕಲಿತು ಮನೆಯಲ್ಲಿ ಕನ್ನಡ ಆಡುವ ನನ್ನ ತಮ್ಮನ ಮಗಳು ಚಿಕ್ಕವಳಿದ್ದಾಗ, ಅಂಧಶ್ರದ್ಧೆಯೆಂದರೆ ಕಣ್ಣು ಮುಚ್ಚಿಕೊಂಡು ಬಾಯಿಪಾಠ ಮಾಡುವುದೇ ಎಂದು ಕೇಳಿದ್ದಳು. ಕನ್ನಡದ ಅರ್ಥವನ್ನು ಹಿಡಿದು ನೋಡಿದರೆ ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ‘ಶ್ರತ್’ ಮತ್ತು ‘ಧಾ’ ಸೇರಿ ಆದ ಈ ಪದಕ್ಕೆ ಹೃದಯವನ್ನು ಇಡುವುದು ಎಂಬಂಥ ಮೂಲಾರ್ಥವನ್ನು ಹೇಳುತ್ತಾರೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಶ್ರದ್ಧೆಯನ್ನೇ ದೇವತೆಯೆಂದು ಕರೆಯುವ ಸೂಕ್ತವಿದೆ. ದೇವರಲ್ಲಿ ಇಟ್ಟ ಹೃದಯ ಮರಾಠಿಗೆ ಬಂದಿತು, ಕೆಲಸದಲ್ಲಿ ಇಟ್ಟ ಹೃದಯ ಕನ್ನಡಕ್ಕೆ ಬಂದಿತು.

‘ಅಂಧ’ದ ಬಗ್ಗೆ ನನಗೊಂದು ಆಕ್ಷೇಪವಿದೆ. ಕಣ್ಣು ಕಾಣದಿರುವುದನ್ನು ತಿಳಿವು ಇಲ್ಲದಿರುವುದಕ್ಕೆ ಹೋಲಿಕೆಯಾಗಿ ಬಳಸುವುದು ನನಗೆ ಸರಿಯೆನಿಸುವುದಿಲ್ಲ. ಟಿಳಕ ರಸ್ತೆಯಲ್ಲಿ ಬಿಳಿಯ ಕೋಲು ಹಿಡಿದು ನಡೆಯುವವರನ್ನು ನೋಡಿದ್ದೇನೆ. ನೆಲವನ್ನು ತಟ್ಟಿ ನೋಡದೆ ಅವರು ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಪರೀಕ್ಷಿಸದೆ ಮುಂದೆ ಹೋಗುವವರು ಕಣ್ಣಿರುವ ನಾವು. ಹಾಗಾಗಿ ‘ಕುರುಡು ನಂಬಿಕೆ’ ಎಂಬ ಪದವನ್ನು ನಾನು ಬರೆಯುವುದನ್ನು ಬಿಟ್ಟು ಬಹಳ ಕಾಲವಾಯಿತು.

ಆದರೂ ‘ಅಂಧಶ್ರದ್ಧೆ’ಯ ಮುಂದೆ ತಲೆಬಾಗದೆ ಪುಣೆಯಲ್ಲಿ ಇರಲಾಗುವುದಿಲ್ಲ. ಆ ಪದವನ್ನು ಹೆಸರಿನಲ್ಲಿಯೇ ಇಟ್ಟುಕೊಂಡು 1989ರಲ್ಲಿ ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯನ್ನು ಕಟ್ಟಿದ ಡಾ. ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರ ಬೆಳಿಗ್ಗೆ, ವಾಯುವಿಹಾರಕ್ಕೆ ಹೊರಟಿದ್ದಾಗ, ಓಂಕಾರೇಶ್ವರ ದೇವಾಲಯದ ಬಳಿಯ ಸೇತುವೆಯ ಮೇಲೆ ಗುಂಡಿಕ್ಕಿ ಕೊಂದರು. ಆ ಸೇತುವೆಗಿರುವುದು ಮಹರ್ಷಿ ವಿಠ್ಠಲ ರಾಮಜೀ ಶಿಂದೆಯವರ ಹೆಸರು. ಶಿಂದೆಯವರು 1873ರಲ್ಲಿ ಹುಟ್ಟಿದ್ದು ನಮ್ಮ ಜಮಖಂಡಿಯಲ್ಲಿ. ಹೆಣ್ಣುಮಕ್ಕಳನ್ನು ಮುರಳಿಯರೆಂದು ಖಂಡೋಬಾ ದೇವರಿಗೆ ಬಿಡುವ ಪದ್ಧತಿಯ ವಿರುದ್ಧ ದುಡಿದವರಲ್ಲಿ ಅವರೊಬ್ಬರು. ಆ ಸೇತುವೆಯನ್ನು ದಾಟುವಾಗಲೆಲ್ಲ ನನಗೆ ಇಬ್ಬರೂ ನೆನಪಾಗುತ್ತಾರೆ. ದಾಭೋಲ್ಕರ್ ಅವರ ಸಮಿತಿ ದೇವರನ್ನಾಗಲಿ ಧರ್ಮವನ್ನಾಗಲಿ ವಿರೋಧಿಸಲಿಲ್ಲ, ಅವುಗಳ ಹೆಸರಿನಲ್ಲಿ ನಡೆಯುವ ಶೋಷಣೆಯನ್ನು ವಿರೋಧಿಸುತ್ತೇವೆಂದು ಮತ್ತೆ ಮತ್ತೆ ಸ್ಪಷ್ಟಪಡಿಸಿತು.

ಅವರು ವರ್ಷಗಟ್ಟಲೆ ಕೇಳಿದ ಕಾನೂನು ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದಿತು, ಅದೇ ಡಿಸೆಂಬರಿನಲ್ಲಿ ಅಧಿನಿಯಮವಾಯಿತು. ಪದದ ದೃಷ್ಟಿಯಿಂದ ಗಮನಿಸಬೇಕಾದದ್ದು ಅದರ ಹೆಸರು. ನರಬಲಿ, ಅಮಾನುಷ, ಅನಿಷ್ಟ, ಅಘೋರಿ ಪ್ರಥೆಗಳು, ಜಾದೂಟೋಣ (ಮಾಟಮಂತ್ರ) ಎಂದು ಮೊದಲಾಗಿ ಉದ್ದಕ್ಕೆ ಸಾಗುವ ಆ ಹೆಸರಿನಲ್ಲಿ ‘ಅಂಧಶ್ರದ್ಧಾ’ ಎಂಬ ಪದವೇ ಇಲ್ಲ. ಕರ್ನಾಟಕದಲ್ಲಿಯೂ ಹಾಗೆಯೇ ಆಯಿತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 2013ರಲ್ಲಿ ಸಿದ್ಧವಾದ ಕರಡಿನ ಹೆಸರಿನಲ್ಲಿ ಮೂಢನಂಬಿಕೆಯ ಆಚರಣೆಗಳೆಂಬ ಮಾತಿತ್ತು. 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ಕಾನೂನಿನ ಹೆಸರಿನಲ್ಲಿ ಅದು ಉಳಿಯದೆ, ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ಎಂದಾಯಿತು. ಪತ್ರಿಕೆಗಳು ಮಾತ್ರ ಇಂದಿಗೂ ‘ಮೌಢ್ಯ ನಿಷೇಧ ಕಾಯ್ದೆ’ ಎಂದೇ ಬರೆಯುತ್ತವೆ.

ಎರಡೂ ರಾಜ್ಯಗಳಲ್ಲಿ ಪದ ಜಾರಿಹೋದದ್ದಕ್ಕೆ ರಾಜಕೀಯದ ಕಾರಣಗಳು ಇದ್ದೇ ಇದ್ದವು. ನನಗೆ ಕಾಣುವ ಇನ್ನೊಂದು ಕಾರಣ ಭಾಷೆಯದು. ನಂಬಿಕೆ ಮನಸ್ಸಿನೊಳಗಿನದು, ಅದನ್ನು ಹಿಡಿದು ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಿಸಲಾಗದು. ಕೃತ್ಯವನ್ನು ನಿಲ್ಲಿಸಬಹುದು. ಹಾವು, ಚೇಳು, ನಾಯಿ ಕಚ್ಚಿದವರನ್ನು ವೈದ್ಯರ ಬಳಿಗೆ ಹೋಗದಂತೆ ತಡೆದು ಮಂತ್ರ ಹಾಕುವುದು ಮಹಾರಾಷ್ಟ್ರದ ಕಾನೂನಿನ ಪಟ್ಟಿಯಲ್ಲಿರುವ ಅಪರಾಧ, ಅದಕ್ಕೆ ಆರು ತಿಂಗಳಿಂದ ಏಳು ವರ್ಷಗಳವರೆಗೆ ಸೆರೆವಾಸವಿದೆ. ಮಂತ್ರದಲ್ಲಿ ಮನಸ್ಸಿನೊಳಗೇ ನಂಬಿಕೆಯಿಟ್ಟಿರುವುದು ಅಪರಾಧವಲ್ಲ. ಈ ವ್ಯತ್ಯಾಸ ಮುಖ್ಯವೆಂದು ನಾನು ತಿಳಿಯುತ್ತೇನೆ, ಮತ್ತು ನಮ್ಮ ಬರವಣಿಗೆಯಲ್ಲಿಯೂ ಅದು ಕಾಣಬೇಕೆಂದು ಬಯಸುತ್ತೇನೆ. ಆಚರಣೆಯ ಮಾತು ಬಂದಾಗ ಆಚರಣೆಯನ್ನೇ ಹೆಸರಿಸಬೇಕು. ಕುಕ್ಕೆಯಲ್ಲಿ ಎಂಜಲೆಲೆಯ ಮೇಲೆ ಉರುಳುತ್ತಿದ್ದುದನ್ನು ಮಡೆಸ್ನಾನವೆಂದೇ ಹೇಳಿ, ಅದರಲ್ಲಿ ಯಾರ ಎಂಜಲಿನ ಮೇಲೆ ಯಾರು ಉರುಳುತ್ತಿದ್ದರೆಂದು ವಿವರಿಸಿದರೆ ಓದುಗನಿಗೆ ಎಲ್ಲವೂ ತಿಳಿಯುತ್ತದೆ. ‘ಮೂಢನಂಬಿಕೆ’ ಎಂದು ಒಂದೇ ಮಾತಿನಲ್ಲಿ ಮುಚ್ಚಿಬಿಟ್ಟರೆ ಅಲ್ಲಿಯ ಜಾತಿಯ ಅವಮಾನವೂ ಅದರೊಳಗೇ ಮುಚ್ಚಿಹೋಗುತ್ತದೆ.

ಕನ್ನಡದಲ್ಲಿ ಇದರ ನೆಂಟರ ಪದಗಳು ಹಲವು, ಅವನ್ನು ಒಂದರ ಬದಲು ಒಂದೆಂಬಂತೆ ಬಳಸುತ್ತಾರೆ. ನಾನು ಹಾಗೆ ಬಳಸುವುದಿಲ್ಲ. ‘ಮೌಢ್ಯ’ ಸ್ಥಿತಿಯನ್ನು ಹೇಳುತ್ತದೆ, ‘ಮೂಢನಂಬಿಕೆ’ ಆ ಸ್ಥಿತಿಯಲ್ಲಿ ಹಿಡಿದ ಒಂದು ನಿರ್ದಿಷ್ಟ ನಂಬಿಕೆಯನ್ನು ಹೇಳುತ್ತದೆ. ಒಂದು ಮನೆಯಲ್ಲಿ ಹತ್ತು ಮೂಢನಂಬಿಕೆಗಳಿರಬಹುದು, ಹತ್ತು ಮೌಢ್ಯಗಳಿರುವುದಿಲ್ಲ. ‘ಕಂದಾಚಾರ’ ಅರ್ಥ ಕಳೆದುಕೊಂಡ ಆಚಾರದ ಹಟ. ಹಳೆಯ ಮೈಸೂರಿನ ದಾಖಲೆಗಳಲ್ಲಿ ಇದೇ ಶಬ್ದ ಕಾಲಾಳು ಪಡೆಯ ಇಲಾಖೆಯ ಹೆಸರಾಗಿ ಬರುತ್ತದೆ, ಓದುವಾಗ ಎಡವದಿರಲೆಂದು ಹೇಳುತ್ತಿದ್ದೇನೆ. ‘ಗೊಡ್ಡು ಸಂಪ್ರದಾಯ’ ಬಹಳ ಒಳ್ಳೆಯ ಮಾತು. ಹಾಲು ಕೊಡದ ಗೊಡ್ಡೆಮ್ಮೆಯನ್ನು ಕಟ್ಟಿ ಸಾಕುವವರಿಗೆ ಅದರ ಮೇಲೆ ಮಮತೆಯಿರುತ್ತದೆಂಬುದೂ ಅದರಲ್ಲಿ ಬಂದಿದೆ. ಅಪ್ಪ ನೆಟ್ಟ ಆಲದ ಮರಕ್ಕೆ ನೇಣು ಹಾಕಿಕೊಳ್ಳುವುದು ಸಂಪ್ರದಾಯದ ವಿಷಯಕ್ಕೆ ಸಲ್ಲುವ ಗಾದೆ, ಅದನ್ನು ದೆವ್ವ ಮಾಟಗಳ ವಿಷಯಕ್ಕೆ ತರಬಾರದು. ‘ಅಪನಂಬಿಕೆ’ಗೂ ಮೂಢನಂಬಿಕೆಗೂ ಸಂಬಂಧವೇ ಇಲ್ಲ, ಅದು ನಂಬದಿರುವುದು. ಇತ್ತೀಚೆಗೆ ಹಲವರು ಇದನ್ನು ತಪ್ಪಾಗಿ ಬರೆಯುವುದನ್ನು ನೋಡಿ ನೋವಾಗುತ್ತದೆ.

ತಪ್ಪು ತಿಳುವಳಿಕೆಯನ್ನೆಲ್ಲ ಮೂಢನಂಬಿಕೆಯೆನ್ನುವುದೂ ಸರಿಯಲ್ಲ. ಬಾವಲಿಗೆ ಕಣ್ಣೇ ಕಾಣುವುದಿಲ್ಲವೆಂದು ಒಬ್ಬ ತಿಳಿದಿದ್ದರೆ ಅದು ತಪ್ಪು ತಿಳುವಳಿಕೆ. ತೋರಿಸಿಕೊಟ್ಟರೆ ಹೌದಲ್ಲ ಎಂದು ಬಿಟ್ಟುಬಿಡುತ್ತಾನೆ. ಬಾವಲಿ ಮನೆಯೊಳಗೆ ಬಂದರೆ ಸಾವು ಖಚಿತವೆಂದು ನಡುಗುವವನಿಗೆ ಎಷ್ಟು ತೋರಿಸಿಕೊಟ್ಟರೂ ಸಾಲುವುದಿಲ್ಲ, ಏಕೆಂದರೆ ಅಲ್ಲಿ ಭಯವಿದೆ, ಹೋದ ಸಲ ಬಂದಾಗ ಅಜ್ಜಿ ತೀರಿಕೊಂಡ ನೆನಪಿದೆ. ನಂಬಿಕೆಯನ್ನು ಅಲ್ಲಿ ಹಿಡಿದು ನಿಲ್ಲಿಸಿರುವುದು ಮಾಹಿತಿಯಲ್ಲ, ದುಃಖ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿಯೊಂದನ್ನು ರಚಿಸಿದಾಗ, ಪರಿಶೀಲಿಸಬಹುದಾದ ಮೂಢನಂಬಿಕೆಗಳು ಎಂಬ ಎಚ್ಚರದ ಮಾತನ್ನು ಅದರ ಹೆಸರಿನಲ್ಲಿ ಸೇರಿಸಿದ್ದರು. ಪರಿಶೀಲನೆಗೆ ಒಡ್ಡಬಹುದಾದದ್ದು, ಒಡ್ಡಲಾಗದ್ದು ಎಂಬ ಗೆರೆಯನ್ನು ಅಷ್ಟು ಸ್ಪಷ್ಟವಾಗಿ ಎಳೆದವರನ್ನು ಕಂಡಾಗ ನನಗೆ ಗೌರವವುಂಟಾಗುತ್ತದೆ.

ಮತ್ತೆ ಶೆಡ್ಡಿನ ಆ ಹೆಂಗಸಿನ ವಿಷಯ. ಎರಡನೆಯ ಸಲ ಹೋದಾಗ ಆಕೆ ತಾನಾಗಿಯೇ ಹೇಳಿದಳು. ಮೂರು ವರ್ಷಗಳ ಹಿಂದೆ ಆಕೆಯ ಗಂಡ ಸಾರುವೆಯಿಂದ ಬಿದ್ದು, ನಾಲ್ಕು ತಿಂಗಳು ಹಾಸಿಗೆ ಹಿಡಿದು ತೀರಿಕೊಂಡನಂತೆ. ಆ ನಾಲ್ಕು ತಿಂಗಳು ಆಕೆ ತಲೆಗೆ ನೀರು ಹಾಕಿಕೊಂಡದ್ದೂ ಕಡಿಮೆ, ಬಾಚಣಿಗೆ ಮುಟ್ಟಿದ್ದಂತೂ ಇಲ್ಲವೇ ಇಲ್ಲ. “ಆವಾಗ ನನಗ ದಿಕ್ಕ ತಪ್ಪಿತ್ರಿ” ಎಂದಳು. ನೆತ್ತಿಯ ಹಿಂದೆ ಮೊದಲ ಗಂಟು ಕೈಗೆ ಸಿಕ್ಕಾಗ ಪಕ್ಕದ ಶೆಡ್ಡಿನ ಹಿರಿಯಳೊಬ್ಬಳು ಅದಕ್ಕೆ ಭಂಡಾರ, ಎಂದರೆ ದೇವಿಯ ಅರಿಶಿನಪುಡಿ, ಹಚ್ಚಿ, ಎಲ್ಲವ್ವ ಬಂದಿದ್ದಾಳೆ, ಇನ್ನು ನೀನು ಒಬ್ಬಂಟಿಯಲ್ಲ ಎಂದಳಂತೆ. ದಿಕ್ಕು ತಪ್ಪಿದ್ದವಳಿಗೆ ಆ ಮಾತು ದಿಕ್ಕಾಯಿತು. ನಿಘಂಟುಗಳಲ್ಲಿ ನಾನು ಹುಡುಕುತ್ತಿದ್ದ ‘ಮೂಢ’ದ ಅರ್ಥವನ್ನು ಆಕೆ ತನ್ನ ಮಾತಿನಲ್ಲಿ ಹೇಳಿಬಿಟ್ಟಿದ್ದಳು. ಆಕೆಯ ನಂಬಿಕೆ ದಿಙ್ಮೂಢತೆಯಲ್ಲಿ ಹುಟ್ಟಿದ್ದು. ಆಕೆ ಮೂಢಳಲ್ಲ, ಮೂರು ವರ್ಷ ಒಂಟಿಯಾಗಿ ಎರಡು ಮಕ್ಕಳನ್ನು ಸಾಕಿದವಳು. ಮೊದಲ ದಿನ ಕೊಡಲಾಗದ ಉತ್ತರವನ್ನು ಅಂದು ಕೊಟ್ಟೆ, ಇಲ್ಲ ತಾಯಿ, ನೀವು ಮೂಢರಲ್ಲ, ನಾನು ಬರೆದದ್ದು ಸರಿಯಿರಲಿಲ್ಲ ಎಂದು.

ಕರಪತ್ರವನ್ನು ಮತ್ತೆ ಬರೆದೆ. ಜಡೆ ಹೇಗೆ ಕಟ್ಟುತ್ತದೆಂಬುದನ್ನು ಮೊದಲ ಪುಟಕ್ಕೆ ತಂದೆ. ತೊಳೆಯದ, ಬಾಚದ ಕೂದಲಿನಲ್ಲಿ ಜಿಡ್ಡು, ಬೆವರು, ಧೂಳು ಸೇರಿಕೊಳ್ಳುತ್ತವೆ, ಉದುರಿದ ಎಳೆಗಳು ಹೊರಗೆ ಬೀಳದೆ ಒಳಗೇ ಸುತ್ತಿಕೊಳ್ಳುತ್ತವೆ, ಉಣ್ಣೆ ಒತ್ತಿದರೆ ಗಟ್ಟಿ ಹಾಳೆಯಾಗುವಂತೆ ಕೂದಲು ಬಿಗಿದುಕೊಳ್ಳುತ್ತದೆ, ಅದರ ಮೇಲೆ ಭಂಡಾರ, ಕುಂಕುಮ, ಎಣ್ಣೆ ಬಿದ್ದಷ್ಟೂ ಗಂಟು ಗಟ್ಟಿಯಾಗುತ್ತದೆ ಎಂದು ವಿವರಿಸಿದೆ. ಕುತ್ತಿಗೆ ನೋವು, ತಲೆ ಭಾರ, ಹೇನು, ನಿದ್ದೆಗೆಡುವುದು ಎಲ್ಲಿಂದ ಬರುತ್ತವೆಂದು ಬರೆದೆ. ಮನೆಯಲ್ಲಿ ಕಾಯಿಲೆ ಅಥವಾ ಸಾವು ಆದಾಗ ತಲೆ ಬಾಚಿಕೊಳ್ಳುವುದು ಮರೆತುಹೋಗುತ್ತದೆ, ಅದು ಯಾರ ತಪ್ಪೂ ಅಲ್ಲ ಎಂಬ ಸಾಲನ್ನು ಸೇರಿಸಿದೆ. ಅದು ಮರಾಠಿ ಮೂಲದಲ್ಲಿ ಇರಲಿಲ್ಲ. ‘ಮೂಢನಂಬಿಕೆ’ ಎಂಬ ಪದ ಹನ್ನೊಂದು ಕಡೆ ಇದ್ದದ್ದು ಒಂದೇ ಕಡೆ ಉಳಿಯಿತು, ಜಡೆಯನ್ನು ಕತ್ತರಿಸಿದರೆ ಮಕ್ಕಳಿಗೆ ಕೇಡು ಎಂದು ಹೆದರಿಸಿ ಹಣ ಕೇಳುವವರ ಮಾತಿಗೆ. ಅಲ್ಲಿಂದ ಅದನ್ನು ತೆಗೆಯಬೇಕೆಂದು ನನಗೆ ಅನಿಸಲಿಲ್ಲ.

ಆಕೆ ಜಡೆಯನ್ನು ಇನ್ನೂ ತೆಗೆಸಿಲ್ಲ. ಕತ್ತರಿಸುವಾಗ ನೋಯುತ್ತದೆಯೇ ಎಂದು ಒಮ್ಮೆ, ತುದಿಯಿಂದ ಸ್ವಲ್ಪ ಸ್ವಲ್ಪವೇ ತೆಗೆಯಬಹುದೇ ಎಂದು ಇನ್ನೊಮ್ಮೆ ಕೇಳಿದಳು. ಊರಿನಲ್ಲಿರುವ ತಂಗಿಗೂ ಜಡೆ ಬಂದಿದೆಯೆಂದು ಹೇಳಿ ಎರಡು ಪ್ರತಿಗಳನ್ನು ತೆಗೆದಿಟ್ಟುಕೊಂಡಳು.

ಅಚ್ಚಿನ ಮನೆಯಿಂದ ಬಂದ ಕರಡಿನಲ್ಲಿ ಆ ಉಳಿದ ಒಂದು ಕಡೆಯಲ್ಲಿ ‘ಮೂಡನಂಬಿಕೆ’ ಎಂದು ಬಿದ್ದಿತ್ತು. ಈ ತಪ್ಪು ಎಲ್ಲೆಡೆ ಕಾಣುತ್ತದೆ, ಪುಣೆಯ ಅಚ್ಚುಮನೆಯನ್ನು ದೂರಿ ಫಲವಿಲ್ಲ. ಮೂಡವೆಂದರೆ ಮೂಡಣ, ಸೂರ್ಯ ಮೂಡುವ ದಿಕ್ಕು. ಕೆಂಪು ಲೇಖನಿ ತೆಗೆದು ಆ ಡಕಾರದ ಹೊಟ್ಟೆ ಸೀಳಿ, ಅಂಚಿನಲ್ಲಿ ದೊಡ್ಡದಾಗಿ ‘ಢ’ ಎಂದು ಬರೆದು, ಅಚ್ಚಿಗೆ ಕಳಿಸಿದೆ.